ಒಳಮಳೆ, ಹೊರಮಳೆ: ಉಸಿರಾಡುವ ಜಾಕೆಟ್ಟಿನ ಕುರಿತು ಒಂದು ಸಂಶೋಧನ ಪ್ರಬಂಧ

ಮಳೆಯಲ್ಲಿ ಎರಡು ಬಗೆ. ಆಕಾಶದಿಂದ ಬೀಳುವುದು ಹೊರಮಳೆ. ಅದರಿಂದ ಪಾರಾಗಲೆಂದು ತೊಟ್ಟ ಜಾಕೆಟ್ಟಿನೊಳಗೆ ಬೀಳುವುದು ಒಳಮಳೆ. ಹವಾಮಾನ ಇಲಾಖೆಯವರು ಮೊದಲನೆಯದನ್ನಷ್ಟೇ ಅಳೆಯುತ್ತಾರೆ. ಎರಡನೆಯದು ಯಾವ ಮಳೆಮಾಪಕಕ್ಕೂ ಸಿಗದೆ, ಬನಿಯನ್ನಿಗೆ ಮಾತ್ರ ಗೊತ್ತಿರುವ ಸತ್ಯವಾಗಿ ಉಳಿದುಬಿಟ್ಟಿದೆ. ಆ ಕೊರತೆಯನ್ನು ನೀಗುವುದೇ ಪ್ರಸ್ತುತ ಪ್ರಬಂಧದ ಉದ್ದೇಶ.

ಅಧ್ಯಯನದ ವ್ಯಾಪ್ತಿ: ಬಡಗಣಕ್ಕೆ ಪೀಣ್ಯ, ಮೂಡಣಕ್ಕೆ ವೈಟ್‌ಫೀಲ್ಡ್, ತೆಂಕಣಕ್ಕೆ ಎಲೆಕ್ಟ್ರಾನಿಕ್ ಸಿಟಿ. ಪಡುವಣ ದಿಕ್ಕನ್ನು ಕೈಬಿಡಲಾಗಿದೆ, ಗಾಡಿಯಲ್ಲಿ ಅಷ್ಟು ಪೆಟ್ರೋಲ್ ಇರಲಿಲ್ಲ. ಅವಧಿ: ಎರಡು ಮಳೆಗಾಲ. ಉಪಕರಣ: ಒಂದು ಸ್ಕೂಟರು, ಒಂದು ಜಾಕೆಟ್ಟು. ಧನಸಹಾಯ: ಹೆಂಡತಿಗೆ ಹೇಳಿದ ಬೆಲೆಗೂ ಬಿಲ್ಲಿನಲ್ಲಿದ್ದ ಬೆಲೆಗೂ ನಡುವಿನ ವ್ಯತ್ಯಾಸವನ್ನು ಸಂಶೋಧಕನೇ ಭರಿಸಿದ್ದಾನೆ.

ಮೊದಲು ಪೂರ್ವಸೂರಿಗಳ ಸ್ಮರಣೆ. ಸ್ಕಾಟ್ಲೆಂಡಿನ ಚಾರ್ಲ್ಸ್ ಮ್ಯಾಕಿಂಟಾಷ್ 1823ರಲ್ಲಿ ಎರಡು ಬಟ್ಟೆಗಳ ನಡುವೆ ಕರಗಿಸಿದ ರಬ್ಬರ್ ಬಳಿದು ಪೇಟೆಂಟ್ ಪಡೆದ. ನೀರು ಒಳಗೆ ಬರಲಿಲ್ಲ, ಬೆವರು ಹೊರಗೆ ಹೋಗಲಿಲ್ಲ. ಹೀಗೆ ಒಳಮಳೆ ಹುಟ್ಟಿತು. ಆಮೇಲೆ ಸುಮಾರು ನೂರೈವತ್ತು ವರ್ಷ ಮನುಕುಲ ಹೊರಗೆ ನೆನೆಯುವುದೋ ಒಳಗೆ ನೆನೆಯುವುದೋ ಎಂಬ ಎರಡೇ ಆಯ್ಕೆಗಳ ನಡುವೆ ಬದುಕಿತು. 1969ರಲ್ಲಿ ಅಮೆರಿಕದ ಬಾಬ್ ಗೋರ್, ಕಾಯಿಸಿದ ಪಿಟಿಎಫ್‌ಇ ಎಂಬ ಪ್ಲಾಸ್ಟಿಕ್ಕಿನ ಕಡ್ಡಿಗಳನ್ನು ನಿಧಾನವಾಗಿ ಎಳೆದೆಳೆದು, ಅವು ತುಂಡಾಗುವುದನ್ನು ನೋಡಿ ನೋಡಿ ರೇಗಿ, ಒಂದನ್ನು ಸಿಟ್ಟಿನಿಂದ ಜಗ್ಗಿದನಂತೆ. ಅದು ತುಂಡಾಗದೆ ಮಾರುದ್ದ ಹಿಗ್ಗಿತು. ಗೋರ್‌ಟೆಕ್ಸ್ ಎಂಬ ಪೊರೆ ಬಂದದ್ದು ಆ ಜಗ್ಗಿನಿಂದ. ನಾವು ದೋಸೆ ಹುಯ್ಯುವ ನಾನ್‌ಸ್ಟಿಕ್ ಕಾವಲಿಯ ಮೇಲಿರುವುದೂ ಇದೇ ಪಿಟಿಎಫ್‌ಇ. ಅಂದರೆ ಈ ಪೊರೆಯ ದುಬಾರಿ ಜಾಕೆಟ್ ತೊಟ್ಟವನು ಮೂಲತಃ ಕಾವಲಿ ಹೊದ್ದು ಓಡಾಡುತ್ತಿರುತ್ತಾನೆ. ಒಳಗೆ ಬೇಯುವುದು ಸಹಜ.

ಪೊರೆಯ ತತ್ತ್ವ ಸರಳ. ಒಂದು ಚದರ ಅಂಗುಲಕ್ಕೆ ಸುಮಾರು 900 ಕೋಟಿ ರಂಧ್ರ. ಒಂದೊಂದು ರಂಧ್ರವೂ ನೀರಹನಿಗಿಂತ 20,000 ಪಟ್ಟು ಚಿಕ್ಕದು, ಆವಿಯ ಅಣುವಿಗಿಂತ 700 ಪಟ್ಟು ದೊಡ್ಡದು. ಹನಿ ಹೊರಗೇ ಉಳಿಯಬೇಕು, ಆವಿ ಹೊರಗೆ ಹೋಗಬೇಕು. ಅಪಾರ್ಟ್‌ಮೆಂಟಿನ ಗೇಟಿಗೆ ತದ್ವಿರುದ್ಧ ಅಂದುಕೊಳ್ಳಿ: ಅದು ಕಾರನ್ನು ಬಿಟ್ಟು ಊಟ ತಂದವನನ್ನು ತಡೆಯುತ್ತದೆ.

ತತ್ತ್ವದಿಂದ ಕ್ಷೇತ್ರಕ್ಕೆ ಬರೋಣ. ಎಲೆಕ್ಟ್ರಾನಿಕ್ ಸಿಟಿ ಎದ್ದದ್ದು ಕೋಣಪ್ಪನ ಅಗ್ರಹಾರ, ದೊಡ್ಡತೋಗೂರುಗಳ ನೆಲದಲ್ಲಿ. ಅಗ್ರಹಾರ ಅಂದಮೇಲೆ ದರ್ಶನಗಳ ಚರ್ಚೆ ಬಿಡಲಾದೀತೆ? ಅಂಗಡಿಯ ಚೀಟಿಗಳಲ್ಲಿ ಮೂರು ಮತಗಳಿವೆ. ‘ವಾಟರ್‌ಪ್ರೂಫ್’ ಎಂಬುದು ದ್ವೈತ: ನೀರು ಬೇರೆ, ಬಟ್ಟೆ ಬೇರೆ, ಎರಡೂ ಎಂದೂ ಒಂದಾಗವು. ‘ವಾಟರ್ ರೆಸಿಸ್ಟೆಂಟ್’ ವಿಶಿಷ್ಟಾದ್ವೈತ: ಬೇರೆ ಹೌದು, ಆದರೆ ಹತ್ತು ನಿಮಿಷದ ನಂತರ ಸಂಬಂಧ ಉಂಟು. ಕಂಪನಿ ಹೆಸರು ಕಸೂತಿ ಹಾಕಿ ಹೊಸ ವರ್ಷಕ್ಕೆ ಪುಕ್ಕಟೆ ಕೊಡುವ ಜಾಕೆಟ್ ಶುದ್ಧ ಅದ್ವೈತ. ನೀರು, ಬಟ್ಟೆ, ತೊಟ್ಟವನು ಮೂರೂ ಒಂದೇ.

ಇನ್ನು ಪ್ರಮಾಣ ವಿಚಾರ. ನಾನು ಕೊಂಡ ಜಾಕೆಟ್ಟಿನ ಒಳಚೀಟಿಯಲ್ಲಿ ‘10,000 ಮಿ.ಮೀ.’ ಎಂದಿತ್ತು. ಬಟ್ಟೆಯ ಮೇಲೆ ಕೊಳವೆ ನಿಲ್ಲಿಸಿ ನೀರು ತುಂಬುತ್ತ ಹೋದರೆ ಹತ್ತು ಮೀಟರ್ ಎತ್ತರದ ತನಕ ಸೋರುವುದಿಲ್ಲ ಎಂದು ಅದರ ಅರ್ಥ. ಆಗುಂಬೆಯ ಇಡೀ ವರ್ಷದ ಮಳೆ ಏಳು, ಏಳೂವರೆ ಸಾವಿರ ಮಿ.ಮೀ. ಅಷ್ಟನ್ನೂ ಒಂದೇ ಕೊಳವೆಗೆ ಸುರಿದು ನನ್ನ ಹೆಗಲ ಮೇಲೆ ನಿಲ್ಲಿಸಿದರೂ ಜಾಕೆಟ್ ಅಲುಗದು. ಬೆಂಗಳೂರಿಗೆ ವರ್ಷಕ್ಕೆ ಸರಾಸರಿ ಬೀಳುವುದು ಸಾವಿರ ಮಿ.ಮೀ. ಆಸುಪಾಸು. ಕೊಳವೆ ತುಂಬಲು ಹತ್ತು ವರ್ಷ ಕಾಯಬೇಕು. ಈ ಲೆಕ್ಕವನ್ನು ನೆಚ್ಚಿಕೊಂಡು ಒಂದು ಸಂಜೆ ವೈಟ್‌ಫೀಲ್ಡಿನಿಂದ ಹೊರಟ ಸಂಶೋಧಕ ಟಿನ್ ಫ್ಯಾಕ್ಟರಿ ಮುಟ್ಟುವಷ್ಟರಲ್ಲಿ ಒಳಚಡ್ಡಿಯ ತನಕ ನೆನೆದಿದ್ದ.

ಎಲ್ಲಿಂದ ಬಂತು ನೀರು? ಬಟ್ಟೆಯಿಂದಲ್ಲ. ಬಟ್ಟೆ ಪ್ರಾಮಾಣಿಕವಾಗಿತ್ತು. ಒಂದು ಪಾಲು ಕುತ್ತಿಗೆಯಿಂದ ಇಳಿಯಿತು. ಇನ್ನೊಂದು ಪಾಲು ಜಿಪ್ಪಿನ ಹಲ್ಲುಗಳ ಸಂದಿನಿಂದ ಬಂತು. ಉಳಿದದ್ದು ಮುಂಗೈಯಿಂದ. ಹ್ಯಾಂಡಲ್ ಹಿಡಿದು ಮುಂದಕ್ಕೆ ಚಾಚಿದ ತೋಳಿಗೆ ಎದುರುಗಾಳಿ ನೀರು ತುಂಬಿಸಿತು. ತೋಟಕ್ಕೆ ನೀರು ಹಾಯಿಸುವ ಅಡಿಕೆ ದಬ್ಬೆಯ ಹಾಗೆ ತೋಳು ಅದನ್ನು ಕಂಕುಳಿಗೆ ತಂದು ಬಿಟ್ಟಿತು. ಸೀಟಿನ ನಡುವಿನ ಹಳ್ಳದಲ್ಲಿ ನಿಂತ ನೀರಂತೂ ಬೇರೆಯೇ ಅಧ್ಯಾಯ. 10,000 ಮಿ.ಮೀ. ಎಂದರೆ ಚದರ ಸೆಂಟಿಮೀಟರಿಗೆ ಒಂದು ಕೆಜಿ ಒತ್ತಡ. ಎಪ್ಪತ್ತು ಕೆಜಿಯ ಸಂಶೋಧಕ ಸುಮಾರು 700 ಚದರ ಸೆಂಟಿಮೀಟರ್ ಸೀಟಿನ ಮೇಲೆ ಕೂತರೆ ಒತ್ತಡ ಅದರ ಹತ್ತನೇ ಒಂದು ಪಾಲು ಮಾತ್ರ. ಹಾಗಾಗಿ ಒಳ್ಳೆಯ ಬಟ್ಟೆಯ ಪ್ಯಾಂಟಿನೊಳಗೆ ನೀರು ಬರುವಂತಿಲ್ಲ. ಬಂತು, ಏಕೆಂದರೆ ಪ್ಯಾಂಟಿಗೆ ಅದೇ ಜಾಗದಲ್ಲಿ ನಾಲ್ಕು ಹೊಲಿಗೆ ಕೂಡುತ್ತವೆ, ಮತ್ತು ಫ್ಲೈಓವರ್ ಕೆಳಗೆ ಕೊಂಡ ರೆಕ್ಸಿನ್ ಪ್ಯಾಂಟಿನ ಹೊಲಿಗೆಗೆ ಟೇಪು ಅಂಟಿಸುವ ಪದ್ಧತಿಯಿಲ್ಲ. ಆದ್ದರಿಂದ ಸಿದ್ಧಾಂತ: ಅಂಗಡಿಯಲ್ಲಿ ಜಾಕೆಟ್ಟಿನ ಹೊರಮೈ ಸವರುತ್ತ ನಿಲ್ಲುವವನು ದಡ್ಡ. ಅದನ್ನು ಒಳಗು ಹೊರಗು ಮಾಡಿ, ಒಂದೊಂದು ಹೊಲಿಗೆಯ ಮೇಲೂ ಟೇಪು ಓಡಿದೆಯೇ ಎಂದು ಬೆರಳಾಡಿಸುವವನು ಪಂಡಿತ.

ಫ್ಲೈಓವರಿನ ಮಾತು ಬಂದದ್ದರಿಂದ ಒಂದು ಉಪಶಾಖೆ. ಈ ಪ್ರದೇಶದ ಅತ್ಯುತ್ತಮ ಉಸಿರಾಡುವ ಜಲನಿರೋಧಕ ಯಾವುದು ಎಂದರೆ ಹೊಸೂರು ರಸ್ತೆಯ ಮೇಲೆ ಸುಮಾರು ಹತ್ತು ಕಿಲೋಮೀಟರ್ ಉದ್ದಕ್ಕೆ ಹಾಸಿರುವ ಎಲಿವೇಟೆಡ್ ರಸ್ತೆ. ಮೇಲೆ ಕಾಂಕ್ರೀಟು, ಎರಡೂ ಬದಿ ಬಯಲು, ಗಾಳಿಗೆ ಕೊರತೆಯೇ ಇಲ್ಲ, ಸೈಜು ಎಲ್ಲರಿಗೂ ಸರಿ. ಮಳೆ ಬಂದ ಕ್ಷಣ ನೂರಾರು ಬೈಕುಗಳು ಅದನ್ನು ತೊಡುತ್ತವೆ. ಟ್ರಾಫಿಕ್ ಪೊಲೀಸರು ಮಾತ್ರ ಅದನ್ನು ಬಿಚ್ಚಿಸುತ್ತಾರೆ. ಅದಕ್ಕೂ ದೋಷ ಅದೇ, ಹೊಲಿಗೆ. ಎರಡು ಹಲಗೆಗಳು ಕೂಡುವ ಸಂದಿನಿಂದ ಸರಿಯಾಗಿ ನಮ್ಮ ನೆತ್ತಿಗೇ ಧಾರೆ.

ಎರಡನೇ ಅಧ್ಯಾಯದ ಹಸ್ತಪ್ರತಿ ಮೇಲೆ ಹೇಳಿದ ಸಂಜೆ ಬ್ಯಾಗಿನಲ್ಲೇ ಮುದ್ದೆಯಾದ್ದರಿಂದ ಮೂರನೆಯದಕ್ಕೆ ಹೋಗೋಣ.

ಪೀಣ್ಯದಲ್ಲಿ ಕ್ಷೇತ್ರಕಾರ್ಯ. ಮೆಟ್ರೋ ಇಳಿದು, ಎರಡನೇ ಶಿಫ್ಟ್ ಬಿಡುವ ಹೊತ್ತಿಗೆ ಚಹಾ ಅಂಗಡಿಯ ತಗಡಿನ ಕೆಳಗೆ ನಿಂತೆ. ಲೇಥ್ ಕೆಲಸದವರೊಬ್ಬರು ಮಳೆಯಲ್ಲೇ ಬಂದರು. ತಲೆಗೆ ಕಸದ ಕಪ್ಪು ಕವರು, ಬುಡದ ಮೂಲೆ ಹರಿದು ಮುಖಕ್ಕೆ ಕಿಂಡಿ. ಮೈಗೆ ಮಳೆಯ ಹೊದಿಕೆ ಏನೂ ಇಲ್ಲ, ಶರ್ಟು ಬೆನ್ನಿಗಂಟಿತ್ತು. ಜೇಬಿನಿಂದ ಎರಡೆರಡು ಹಾಲಿನ ಪ್ಯಾಕೆಟ್ ಸುತ್ತಿ, ರಬ್ಬರ್ ಬ್ಯಾಂಡ್ ಹಾಕಿದ ಒಂದು ಗಂಟು ತೆಗೆದರು. ಬಿಚ್ಚಿದರೆ ಫೋನು. ಒಂದು ಹನಿ ನೀರಿರಲಿಲ್ಲ.

ನಾನು ನನ್ನ ಜಾಕೆಟ್ ತೋರಿಸಿ, ಇಂಥದ್ದೊಂದು ತಗೊಳ್ಳಬಾರದೇ ಅಂದೆ.

‘ಎಷ್ಟು ಸಾರ್?’

ಹೇಳಿದೆ. ಹೆಂಡತಿಗೆ ಹೇಳಿದ ಬೆಲೆಯನ್ನೇ.

ಅವರು ಜಾಕೆಟ್ಟಿನ ತೋಳನ್ನು ಎರಡು ಬೆರಳಲ್ಲಿ ಹಿಡಿದು ತಿಕ್ಕಿ ನೋಡಿದರು. ಉಗುರಿನ ಸಂದಿಯ ಕಟಿಂಗ್ ಆಯಿಲ್ ಒಂದಿಷ್ಟು ಅದಕ್ಕೆ ಹತ್ತಿತು. ‘ಅಲ್ಲ ಸಾರ್, ನಾನು ನೆಂದ್ರೆ ಒಣಗ್ತೀನಿ. ಫೋನ್ ಒಣಗುತ್ತಾ?’ ಅಂದು ಚಹಾಕ್ಕೆ ಕೈ ಚಾಚಿದರು.

ಇದನ್ನು ಪೀಣ್ಯ ಪಂಥವೆಂದು ಕರೆಯಬಹುದು. ಮನುಷ್ಯ ಸ್ವಭಾವತಃ ಜಲನಿರೋಧಕ, ಅವನ ಜೇಬು ಮಾತ್ರ ಅಲ್ಲ ಎಂಬುದು ಅದರ ಮೂಲಸೂತ್ರ. ಖಂಡಿಸಲು ಯತ್ನಿಸಿದೆ, ಆಗಲಿಲ್ಲ. ನಿಜವಾಗಿ ಮಳೆಯಲ್ಲಿ ಕೆಲಸ ಮಾಡುವವರ ಮೈಮೇಲೆ ಈ ಜಾಕೆಟ್ ನಾನು ಒಮ್ಮೆಯೂ ಕಂಡಿಲ್ಲ. ಅದನ್ನು ಕಂಡದ್ದೆಲ್ಲ ಏಸಿ ಕೋಣೆಗಳಲ್ಲಿ, ಕುರ್ಚಿಯ ಬೆನ್ನಿಗೆ ನೇತಾಡುತ್ತಿದ್ದಾಗ.

ವೈಟ್‌ಫೀಲ್ಡ್ ಪಂಥದ ವಾದ ಬೇರೆ: ಇದು ಆಫೀಸಿಗಲ್ಲ, ಟ್ರೆಕ್ಕಿಂಗಿಗೆ. ಆದರೆ ಅವರ ಶಾಸ್ತ್ರದಲ್ಲೂ ಮಳೆ ಮೇಲಿನಿಂದಲೇ ಬರುತ್ತದೆ ಎಂಬ ಮೂಢನಂಬಿಕೆ ಇದೆ. 2022ರ ಸೆಪ್ಟೆಂಬರ್ 5ರಂದು ಹೊರವರ್ತುಲ ರಸ್ತೆ, ಬೆಳ್ಳಂದೂರು, ಸರ್ಜಾಪುರ ರಸ್ತೆಯ ಕಡೆ ನೀರು ಕೆಳಗಿನಿಂದ ಬಂತು. ಐಟಿಯವರು ಟ್ರ್ಯಾಕ್ಟರ್ ಏರಿ ಕೆಲಸಕ್ಕೆ ಹೋದರು. ಕೆರೆ ತನ್ನ ಹಳೆಯ ದಾರಿ ಹುಡುಕಿ ಬರುವಾಗ ಟೊಪ್ಪಿಗೆಯ ದಾರ ಬಿಗಿದು ಪ್ರಯೋಜನವಿಲ್ಲ.

ಆದರೂ ಟ್ರೆಕ್ಕಿಂಗಿಗೆ ಹೋದೆ. ಸಂಶೋಧಕನಿಗೆ ಕೊಡಚಾದ್ರಿಗಿಂತ ಯೋಗ್ಯ ಗಿರಿ ಇನ್ನೊಂದಿಲ್ಲ. 1,343 ಮೀಟರ್ ಎತ್ತರದ ಅದರ ನೆತ್ತಿಯ ಮೇಲಿರುವ ಕಲ್ಲುಮಂಟಪದ ಹೆಸರೇ ಸರ್ವಜ್ಞ ಪೀಠ. ಶಂಕರಾಚಾರ್ಯರು ಅಲ್ಲಿ ತಪಸ್ಸು ಮಾಡಿದರೆಂದು ಪ್ರತೀತಿ. ಅವರ ಬಳಿ ಜಾಕೆಟ್ ಇದ್ದ ಉಲ್ಲೇಖವಿಲ್ಲ.

ಚೀಟಿಯ ಎರಡನೇ ಸಂಖ್ಯೆ ಅಲ್ಲಿ ಪರೀಕ್ಷೆಗೆ ಬಂತು. ‘10,000 ಗ್ರಾಂ’ ಎಂದರೆ ಒಂದು ಚದರ ಮೀಟರ್ ಬಟ್ಟೆಯಿಂದ 24 ಗಂಟೆಯಲ್ಲಿ ಅಷ್ಟು ಆವಿ ಹೊರಹೋಗುತ್ತದೆ ಎಂದರ್ಥ. ಗಂಟೆಗೆ 400 ಗ್ರಾಮಿಗೆ ಸ್ವಲ್ಪ ಜಾಸ್ತಿ. ಬೆನ್ನಿಗೆ ಚೀಲ ಹಾಕಿ ಏರು ಹತ್ತುವವನು ಗಂಟೆಗೆ ಒಂದು ಲೀಟರ್ ಬೆವರಬಲ್ಲ. ಉಳಿದ ಬೆವರು ಎಲ್ಲಿಗೆ ಹೋಗಬೇಕು? ಅದೂ ಪ್ರಯೋಗಾಲಯದ ಲೆಕ್ಕ. ಆವಿ ಹೊರಹೋಗುವುದು ಒಳಗಿನ ತೇವ ಹೆಚ್ಚು, ಹೊರಗಿನದು ಕಡಿಮೆ ಇದ್ದಾಗ. ಆಷಾಢದ ಮಲೆನಾಡಿನಲ್ಲಿ ಹೊರಗಿನ ಗಾಳಿಯೇ ಹಿಂಡಿದರೆ ನೀರು. ಆವಿ ಪಾಪ ಬಾಗಿಲ ತನಕ ಬಂದು, ಹೊರಗೆ ಇಣುಕಿ, ವಾಪಸು ಬಂದು ನನ್ನ ಬೆನ್ನಿನ ಮೇಲೇ ಕೂತಿತು. ಸಾಲದ್ದಕ್ಕೆ ಜಾಕೆಟ್ಟಿನ ಹೊರಬಟ್ಟೆ ನೀರು ಕುಡಿದು ತೊಪ್ಪೆಯಾಗಿತ್ತು. ಹೊಸದರಲ್ಲಿ ಹನಿಗಳು ಕೆಸುವಿನೆಲೆಯ ಮೇಲಿನಂತೆ ಉರುಳಿ ಹೋಗುತ್ತಿದ್ದವು. ಅದಕ್ಕೆ ಕಾರಣ ಮೇಲಿನ ಒಂದು ತೆಳುಲೇಪ. ಆ ಲೇಪ ಹೋಗಿ ಬಟ್ಟೆಯ ಮೇಲೆ ನೀರು ಹರಡಿಕೊಂಡರೆ ಪೊರೆಯ ಉಸಿರು ಕಟ್ಟುತ್ತದೆ. ಮೃದು ಸೋಪಿನಲ್ಲಿ ತೊಳೆದು ಹದವಾಗಿ ಬಿಸಿ ತೋರಿಸಿದರೆ ಲೇಪ ಮತ್ತೆ ಚೇತರಿಸಿಕೊಳ್ಳುತ್ತದಂತೆ. ನಮ್ಮಮ್ಮ ಅದನ್ನು ಒಗೆಯುವ ಕಲ್ಲಿನ ಮೇಲೆ ಹರಡಿ, ನೀಲಿ ಸೋಪು ಬಳಿದು, ಬ್ರಷ್ಷಿನಲ್ಲಿ ಹದಿನೈದು ನಿಮಿಷ ಉಜ್ಜಿದ್ದರು. ಕಾಲರಿನ ಕೊಳೆ ಮಾತ್ರ ಚೆನ್ನಾಗಿ ಹೋಗಿತ್ತು.

ಇಳಿದು ಸಾಗರದ ಕಡೆಯ ದೊಡ್ಡಪ್ಪನ ಮನೆಗೆ ಹೋದೆ. ಜಗಲಿಯಲ್ಲಿ ಜಾಕೆಟ್ ಬಿಚ್ಚಿ ಕೊಡವಿದಾಗ ತೋಳಿನಿಂದ ಸುರಿದ ನೀರನ್ನೂ, ಅದರ ಜೊತೆ ಬಿದ್ದ ಎರಡು ಉಂಬಳಗಳನ್ನೂ ದೊಡ್ಡಪ್ಪ ಬಗ್ಗಿ ನೋಡಿದರು.

‘ಎಂತ ಮಾರಾಯ ಇದು, ಹೊರಗೆ ಮಳೆ ನಿಂತು ಅರ್ಧ ಗಂಟೆ ಆತು. ನಿನ್ನ ಒಳಗಿಂದು ಇನ್ನೂ ನಿಂತಿಲ್ವಲ್ಲ!’

ಒಳಮಳೆ ಎಂಬ ಪರಿಭಾಷೆ ಹುಟ್ಟಿದ್ದು ಅವರ ಬಾಯಲ್ಲಿ. ಕೃತಜ್ಞತೆಗಳು.

ಅಟ್ಟದ ಮೇಲಿಂದ ಅವರು ಇಳಿಸಿ ತೋರಿಸಿದ್ದು ಗೊರಬು. ಬಿದಿರಿನ ಸಲಕೆಗಳ ನಡುವೆ ಒಣಎಲೆ ಹೊಂದಿಸಿ ಹೆಣೆದ, ಮಗುಚಿದ ದೋಣಿಯಂಥ ಹೊದಿಕೆ. ತಲೆಯಿಂದ ಸೊಂಟದ ಕೆಳಗಿನ ತನಕ ಬೆನ್ನು ಮುಚ್ಚುತ್ತದೆ, ಎದೆಯ ಕಡೆ ಪೂರ್ತಿ ಖಾಲಿ. ನಾಟಿ ಮಾಡಲು ಬಗ್ಗಿದವರಿಗೆ ಮಳೆ ಬೀಳುವುದು ಬೆನ್ನಿಗೆ ತಾನೆ? ಎರಡು ಕೈಯೂ ಬಿಡುವು. ಬೆನ್ನಿಗೂ ಗೊರಬಿಗೂ ನಡುವೆ ಗಾಳಿ ಓಡಾಡುವಷ್ಟು ಜಾಗ. ದುಬಾರಿ ಜಾಕೆಟ್ಟುಗಳಿಗೆ ಕಂಕುಳಲ್ಲಿ ಒಂದು ಗೇಣುದ್ದ ಜಿಪ್ ಇಟ್ಟಿರುತ್ತಾರಲ್ಲ, ಅದು ಬೇರೇನಲ್ಲ, ಗೊರಬಿನ ತೆರೆದ ಎದೆಯನ್ನು ಗೇಣಿನ ಲೆಕ್ಕದಲ್ಲಿ ಮಾರುವ ಉಪಾಯ. ಆದರೂ ಕೊಳ್ಳುವುದಿದ್ದರೆ ಆ ಜಿಪ್ ಇರುವುದನ್ನೇ ಕೊಳ್ಳಿ. ಚೀಟಿಯ ಸಾವಿರಗಳಿಗಿಂತ ಆ ಸೀಳು ಹೆಚ್ಚು ಉಸಿರಾಡುತ್ತದೆ. ಇಷ್ಟು ಮಾತ್ರ ಈ ಪ್ರಬಂಧದಲ್ಲಿ ತಮಾಷೆಯಲ್ಲ.

ಗೊರಬನ್ನು ತೊಟ್ಟು ನೋಡಿದೆ. ಸೊಗಸಾಗಿತ್ತು. ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಅದನ್ನು ಹೊತ್ತು ಸ್ಕೂಟರಿನ ಮೇಲೆ ಎಪ್ಪತ್ತು ಡಿಗ್ರಿ ಬಗ್ಗಿ ಕೂರುವುದು ಸಾಧ್ಯವೇ ಎಂಬುದು ಮುಂದಿನ ಸಂಶೋಧಕರಿಗೆ ಬಿಟ್ಟ ಪ್ರಶ್ನೆ.

2025ರ ಆಗಸ್ಟಿನಲ್ಲಿ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ ಹಳದಿ ಮಾರ್ಗದ ಮೆಟ್ರೋ ಓಡತೊಡಗಿತು. ಸ್ಕೂಟರು ಮನೆಯಲ್ಲುಳಿಯಿತು, ಜಾಕೆಟ್ಟು ಮೊಳೆಗೆ ಹೋಯಿತು. ದಸರೆಗೆ ಊರಿಗೆ ಹೋಗುವಾಗ ದೊಡ್ಡಪ್ಪ ಫೋನು ಮಾಡಿ ಅದನ್ನು ತರಲು ಹೇಳಿದರು. ಈಗ ಅದು ತೋಟದ ಪಂಪ್‌ಸೆಟ್ಟಿನ ಮೇಲಿದೆ. ಟೊಪ್ಪಿಗೆ ಸ್ಟಾರ್ಟರ್ ಪೆಟ್ಟಿಗೆಗೆ ಸರಿಯಾಗಿ ಕೂತಿದೆ, ತೋಳೆರಡನ್ನೂ ಹಿಂದಕ್ಕೆ ತಂದು ಬಾಳೆನಾರಿನಲ್ಲಿ ಕಟ್ಟಿದ್ದಾರೆ. ಮೋಟರು ಬೆವರುವುದಿಲ್ಲ. ನೆನೆದ ದೂರೂ ಈವರೆಗೆ ಬಂದಿಲ್ಲ.