ಅಳತೆ ಟೇಪಿನ ರಾಯರು

ಜೇಬಿನಲ್ಲಿ ಕರ್ಚೀಫು ಇಲ್ಲದಿದ್ದರೂ ಅಳತೆ ಟೇಪು ತಪ್ಪದೆ ಇರುವ ಅಪ್ಪಂದಿರ ಒಂದು ಜಾತಿ ಮೈಸೂರಿನ ಬಡಾವಣೆಗಳಲ್ಲಿ ಹುಲುಸಾಗಿ ಬೆಳೆದಿದೆ. ಕುವೆಂಪುನಗರದ ನಮ್ಮ ಹಿಂದಿನ ರಸ್ತೆಯ ರಾಯರು ಇವರಲ್ಲಿ ಅಗ್ರಗಣ್ಯರು. ಬ್ಯಾಂಕಿನ ನೌಕರಿ, ಆರಡಿ ಎತ್ತರ, ಒಬ್ಬಳೇ ಮಗಳು. ಅವಳು ಇಂಜಿನಿಯರಿಂಗ್ ಸೇರಿದ ಹೊಸದರಲ್ಲಿ "ಅಪ್ಪ, ನನ್ನ ರೂಮಿಗೊಂದು ಕನ್ನಡಿ ಹಾಕಿಸ್ಕೊಡು" ಎಂದಳು. ಕೇಳಿದ್ದು ಅಷ್ಟೇ. ಎರಡು ಮೊಳೆ, ಅರ್ಧ ಗಂಟೆ ಕೆಲಸ. ರಾಯರು ಅದಕ್ಕಾಗಿ ಎಲ್‌ಟಿಸಿಗೆಂದು ಕೂಡಿಟ್ಟಿದ್ದ ರಜೆ ಹಾಕಿದರು.

ಶುರುವಾದದ್ದು ವಾಸ್ತುವಿನಿಂದ. ಕನ್ನಡಿ ಉತ್ತರದ ಗೋಡೆಗೋ ಪೂರ್ವದ ಗೋಡೆಗೋ ಇರಬೇಕು, ಮಲಗಿದವರು ಅದರಲ್ಲಿ ಕಾಣಬಾರದು. ರೂಮು ಹತ್ತಡಿಗೆ ಹತ್ತಡಿ. ಪೂರ್ವಕ್ಕೆ ಕಿಟಕಿ ಇತ್ತು, ಉತ್ತರಕ್ಕೆ ಮಂಚವಿತ್ತು. ರಾಯರು ಮಂಚವನ್ನು ಎಳೆದೆಳೆದು ಬಾಗಿಲ ಬಳಿಗೆ ತಂದರು. ಬಾಗಿಲು ಈಗ ಅರ್ಧವೇ ತೆರೆಯುತ್ತದೆ. ಮಗಳು ಅಡ್ಡಡ್ಡ ತಿರುಗಿ ಒಳಗೆ ಹೋಗುತ್ತಾಳೆ. ವಾಸ್ತು ಮಾತ್ರ ಪಕ್ಕಾ.

ಆಮೇಲೆ ಆಚಾರ್ರು ಬಂದರು.

"ಮರೈನ್ ಪ್ಲೈ ಹಾಕಿ ಆಚಾರ್ರೇ. 19 ಮಿಲಿಮೀಟರು. ಐಎಸ್ 710 ಅಂತ ಮುದ್ರೆ ಇರ್ಬೇಕು, ನಾನೇ ನೋಡ್ತೀನಿ."

"ಸಾರ್, ಅದು ಸಿಂಕಿನ ಕೆಳಗೆ ಹಾಕೋ ಮಾಲು. ಪಾಪು ಇಲ್ಲಿ ಪೌಡರ್ ಹಾಕ್ಕೊಳ್ಳುತ್ತೆ, ಈಜೋದಿಲ್ಲ."

ಮುದ್ರೆಯ ಪ್ಲೈಯೇ ಬಂತು. ಮೈಸೂರಿಗೆ ಪ್ರವಾಹ ಬಂದು ಎಲ್ಲ ಕೊಚ್ಚಿಹೋದರೂ ಆ ಡ್ರೆಸ್ಸಿಂಗ್ ಟೇಬಲ್ ಉಳಿಯುತ್ತದೆಂದು ಆಚಾರ್ರು ಬೀದಿಯವರಿಗೆಲ್ಲ ಹೇಳಿಕೊಂಡು ಹೋದರು.

ರಾಯರ ಪ್ರತಿಭೆ ನಿಜವಾಗಿ ಬೆಳಗಿದ್ದು ಕನ್ನಡಿಯ ವಿಷಯದಲ್ಲಿ. ಪೂರ್ತಿ ಆಳು ಕಾಣಬೇಕಾದರೆ ಆಳುದ್ದದ ಕನ್ನಡಿ ಬೇಡ, ಎತ್ತರದ ಅರ್ಧದಷ್ಟಿದ್ದರೆ ಸಾಕು, ದೂರ ನಿಂತರೂ ಹತ್ತಿರ ನಿಂತರೂ ಅಷ್ಟೇ. ಹೈಸ್ಕೂಲಿನ ಪಾಠ. ನಾವು ಪರೀಕ್ಷೆ ಬರೆದು ಮರೆತೆವು, ರಾಯರು ಮರೆಯಲಿಲ್ಲ. ಮಗಳ ಎತ್ತರ 5 ಅಡಿ 4 ಇಂಚು, ಆದ್ದರಿಂದ ಕನ್ನಡಿ 32 ಇಂಚು. ಅವಳ ಕಣ್ಣು ನೆಲದಿಂದ 60 ಇಂಚು, ಆದ್ದರಿಂದ ಕನ್ನಡಿಯ ಕೆಳಗಿನ ಅಂಚು 30 ಇಂಚಿಗೆ. ಒಂದಿಂಚು ಗಾಜೂ ದಂಡವಾಗಲಿಲ್ಲ. ಮಗಳು ನಿಂತು ನೋಡಿದಳು: ನೆತ್ತಿಯಿಂದ ಹೆಬ್ಬೆರಳಿನವರೆಗೆ ಸರಿಯಾಗಿ ಬಂದಿತ್ತು.

ಆಮೇಲೆ ಅಜ್ಜಿ ನಿಂತರು. ಅವರು 4 ಅಡಿ 8 ಇಂಚು. "ಲೋ, ನನ್ನ ಸೀರೆ ಅಂಚೇ ಕಾಣ್ಸಲ್ವಲ್ಲೋ!" ನಿಜ, ನೆಲದಿಂದ ಎಂಟಿಂಚಿನಷ್ಟು ಅವರಿಗೆ ಲೆಕ್ಕದ ಪ್ರಕಾರವೇ ಕಾಣುವಂತಿರಲಿಲ್ಲ. ಕೊನೆಗೆ ಖುದ್ದು ರಾಯರು ನಿಂತರು. ಕಾಲು ಕಂಡಿತು, ಹೊಟ್ಟೆ ಕಂಡಿತು, ಅಂಗಿಯ ಗುಂಡಿಗಳೂ ಕಂಡವು. ಎದೆಯಿಂದ ಮೇಲೆ ಗೋಡೆ. ಮನೆಯ ಯಜಮಾನನಿಗೆ ತಲೆಯಿಲ್ಲವೆಂದು ಕನ್ನಡಿ ಇಷ್ಟು ನೇರವಾಗಿ ಹೇಳಿದ್ದು ನನಗೆ ತಿಳಿದಂತೆ ಅದೊಂದೇ ಮನೆಯಲ್ಲಿ.

ದೀಪದ ಕತೆಯೂ ಇದೆ. ಬಲ್ಬು ನೆತ್ತಿಯ ಮೇಲಿದ್ದರೆ ಕಣ್ಣಿನ ಕೆಳಗೆ, ಮೂಗಿನ ಕೆಳಗೆ ನೆರಳು ಬೀಳುತ್ತದೆ, ಹಾಗಾಗಿ ಕನ್ನಡಿಯ ಎರಡೂ ಪಕ್ಕದಲ್ಲಿ ಮುಖದ ಮಟ್ಟಕ್ಕೆ ಎಲ್‌ಇಡಿ ಇರಬೇಕು. ಇಲ್ಲಿಯವರೆಗೆ ರಾಯರು ಹೇಳುವುದು ಸರಿ, ನಾನೂ ಒಪ್ಪುತ್ತೇನೆ. ಆದರೆ ಯಾವ ಬಣ್ಣದ ಬೆಳಕು? ಪ್ರಯೋಗಕ್ಕೆ ಹೆಂಡತಿಯನ್ನು ಕೂರಿಸಿದರು. 2700 ಕೆಲ್ವಿನ್ ಹಾಕಿದಾಗ ಆಕೆ ಅರಿಸಿನೆಣ್ಣೆ ಶಾಸ್ತ್ರದಿಂದ ಎದ್ದು ಬಂದ ಹಾಗೆ ಕಂಡರು. 6500 ಹಾಕಿದಾಗ ರಾಯರೇ ಗಾಬರಿಯಾಗಿ ಆಕೆಯ ಹಣೆ ಮುಟ್ಟಿ ಜ್ವರ ಇದೆಯೇ ಎಂದು ನೋಡಿದರು. 4000ಕ್ಕೆ ಒಪ್ಪಂದವಾಯಿತು. ಒಲೆಯ ಮೇಲಿದ್ದ ಸಾರು ಅಷ್ಟರಲ್ಲಿ ಸೀದಿತ್ತು.

ಬೇಲೂರಿನ ದರ್ಪಣ ಸುಂದರಿಯನ್ನು ನೆನೆದರೆ ಅಯ್ಯೋ ಅನ್ನಿಸುತ್ತದೆ. ವಿಷ್ಣುವರ್ಧನ 1117ರಲ್ಲಿ ಕಟ್ಟಿಸಿದ ಗುಡಿಯಲ್ಲಿ ಅಂದಿನಿಂದ ಕೈಗನ್ನಡಿ ಹಿಡಿದು ನಿಂತೇ ಇದ್ದಾಳೆ. ಸ್ಟೂಲಿಲ್ಲ, ಡ್ರಾಯರಿಲ್ಲ, ಕೆಲ್ವಿನ್ನಿನ ಗೊಡವೆಯಿಲ್ಲ. ರಾಯರು ಅಲ್ಲಿಗೂ ಹೋಗಿ ಬಂದರು. "ಸೂರು ಅಡ್ಡ ಬರುತ್ತೆ, ಮುಖದ ಮೇಲೆ ನೆರಳು" ಎಂದು ತೀರ್ಪು ಕೊಟ್ಟರು.

ಡ್ರಾಯರಿಗೆ ಖಾನೆ ಮಾಡಲು ಮಗಳ ಲಿಪ್‌ಸ್ಟಿಕ್ಕಿಗೆ ವರ್ನಿಯರ್ ಕ್ಯಾಲಿಪರ್ ಹಿಡಿದವರೂ ಇವರೇ. ಕಾಡಿಗೆಗೊಂದು, ಕ್ಲಿಪ್ಪಿಗೊಂದು, ಉಗುರುಬಣ್ಣಕ್ಕೊಂದು ಖಾನೆ. ಮೊನ್ನೆ ಎಳೆದು ನೋಡಿದರೆ ಲಿಪ್‌ಸ್ಟಿಕ್ಕಿನ ಖಾನೆಯಲ್ಲಿ ಪೆನ್‌ಡ್ರೈವ್, ಕಾಡಿಗೆಯ ಖಾನೆಯಲ್ಲಿ ಸೇಫ್ಟಿ ಪಿನ್ನು, ಉಗುರುಬಣ್ಣದ ಖಾನೆಯಲ್ಲಿ ಜೋಡಿ ಕಳೆದುಕೊಂಡ ಜುಮುಕಿ ಮತ್ತು ಅರ್ಧ ಕೋಡುಬಳೆ. ಅಜ್ಜಿ ಕೊಟ್ಟ ಚನ್ನಪಟ್ಟಣದ ಕುಂಕುಮದ ಭರಣಿ ಹೊಟ್ಟೆ ದಪ್ಪವಾದ್ದರಿಂದ ಯಾವ ಖಾನೆಗೂ ಇಳಿಯದೆ ಮೇಲೆ ಕೂತಿತ್ತು. ಸ್ಟೂಲಿನ ಮೇಲೆ ಒಗೆಯದ ಬಟ್ಟೆ. ಕನ್ನಡಿಯ ಅಂಚಿಗೆ ಅಮ್ಮ ಅಂಟಿಸಿದ ಮೆರೂನ್ ಬೊಟ್ಟು. ರಾಯರು ಹಳೇ ಎಟಿಎಂ ಕಾರ್ಡಿನಲ್ಲಿ ಕೆರೆದು ತೆಗೆಯುತ್ತಾರೆ, ಸಂಜೆಗೆ ಅಲ್ಲೇ ಇನ್ನೊಂದು ಇರುತ್ತದೆ.

ಮಗಳು ಎಲ್ಲಿ ಸಿಂಗರಿಸಿಕೊಳ್ಳುತ್ತಾಳೆ? ಹಾಲಿನ ವಾಶ್‌ಬೇಸಿನ್ನಿನ ಮೇಲಿರುವ ಹಳೇ ಕನ್ನಡಿಯಲ್ಲಿ. ಅಲ್ಲಿ ಪಕ್ಕದ ಕಿಟಕಿಯಿಂದ ಬಿಸಿಲು ಬರುತ್ತದೆ, ದುಪ್ಪಟ್ಟಾಗೆ ಪಿನ್ ಹಾಕಲು ಅಮ್ಮ ಅಡುಗೆಮನೆಯಿಂದಲೇ ಕೈಗೆ ಸಿಗುತ್ತಾರೆ.

ರಾಯರಿಗೆ ಬೇಸರವೇನಿಲ್ಲ. ಬಂದ ನೆಂಟರಿಗೆ ಕಾಫಿಗಿಂತ ಮೊದಲು ಆ ಮೂಲೆಯ ದೀಪ ಹಾಕಿ ತೋರಿಸುತ್ತಾರೆ; ಅಡ್ಡಡ್ಡ ತಿರುಗಿ ಒಳಗೆ ಹೋಗುವ ಕ್ರಮವನ್ನೂ ಹೇಳಿಕೊಡುತ್ತಾರೆ. ನೀವು ನಿಮ್ಮ ಮಗಳ ರೂಮಿಗೆ ಕನ್ನಡಿ ಹಾಕಿಸುವುದಾದರೆ ಸುಮ್ಮನೆ ನಾಲ್ಕಡಿಯದು ತನ್ನಿ, ನೆಲದಿಂದ ಎರಡಡಿಗೆ ಹಾಕಿಸಿ. ಅಜ್ಜಿಯ ಸೀರೆಯಂಚೂ ಅಪ್ಪನ ತಲೆಯೂ ಎರಡೂ ಕಾಣುತ್ತವೆ. ರಾಯರ ಕಿವಿಗೆ ಮಾತ್ರ ಬೀಳದಿರಲಿ. ರಜೆ ಇನ್ನೂ ಬಾಕಿಯಿದೆಯಂತೆ.