ಸೈಟು ಐತಾ ಸ್ವಾಮಿ?

ನಿಮ್ಮನ್ನೇ ಕೇಳ್ತಿರೋದು. ದೇವನಹಳ್ಳಿ ಕಡೆ ಒಂದು ಸೈಟು ಐತಾ? ಇಲ್ಲ ಅಂತ ತಲೆ ಆಡಿಸಬೇಡಿ, ಹೆಂಡತಿ ಹೆಸರಲ್ಲಿರೋದೂ ಲೆಕ್ಕಕ್ಕೆ ಬರ್ತದೆ!

ಇಂಗ್ಲಿಷಿನೋರಿಗೆ ಸೈಟ್ ಅಂದ್ರೆ ಯಾವುದೋ ಒಂದು ಜಾಗ, ಅಷ್ಟೇ. ಸೇತುವೆ ಕಟ್ಟೋ ಜಾಗ, ಹಳೇ ಕೋಟೆ ಇದ್ದ ಜಾಗ. ನಮಗೆ ಅಷ್ಟು ಧಾರಾಳ ಎಲ್ಲಿಂದ ಬರಬೇಕು? ಥರ್ಟಿ ಫಾರ್ಟಿ, 1,200 ಚದರಡಿ, ಮೂಲೆಗೊಂದು ಕಲ್ಲು. ಟಿಪ್ಪು ಹುಟ್ಟಿದ ಜಾಗ ದೇವನಹಳ್ಳೀಲೇ ಐತೆ, ಅವರ ಲೆಕ್ಕದಲ್ಲಿ ಅದೂ ಸೈಟೇ. ನೋಡಿದೀರಾ? (ನೋಡಿದ್ರೂ ಅಕ್ಕಪಕ್ಕದ ರೇಟು ವಿಚಾರಿಸ್ಕೊಂಡೇ ಬಂದಿರ್ತೀರಿ.) ಕಾಲೇಜಲ್ಲಿ ನೀವು ಹೊಡೀತಿದ್ದ ಸೈಟಿನ ಸ್ಪೆಲಿಂಗೇ ಬೇರೆ, ಅದನ್ನ ಮನೇಲಿ ಎತ್ತಬೇಡಿ.

2008ರಲ್ಲಿ ವಿಮಾನ ಇಳೀತು ನೋಡಿ, ರಾಗಿ ಹೊಲ, ದ್ರಾಕ್ಷಿ ತೋಟಕ್ಕೆಲ್ಲ ಲೇಔಟಿನ ಕನಸು ಬಿತ್ತು. ಗುಂಟೆಗೆ 1,089 ಚದರಡಿ. ಅಂದ್ರೆ ನಿಮ್ಮ ಸೈಟು ಒಂದು ಗುಂಟೆಗಿಂತ ಚೂರೇ ದೊಡ್ಡದು. ಊರಲ್ಲಿ ಅಣ್ಣ "ಗುಂಟೆ ಜಮೀನು ನಿಂಗಿರಲಿ" ಅಂದ್ರೆ ಮುಖ ಸಿಂಡರಿಸ್ತೀರಿ, ಬ್ರೋಕರು "ಸೈಟು" ಅಂದ್ರೆ ಸಾಲ ಮಾಡ್ತೀರಿ!

ಆ ಬ್ರೋಕರಣ್ಣ ಹೊಸಕೋಟೆ ಆಚೆ ನಿಂತ್ಕೊಂಡು "ಏರ್‌ಪೋರ್ಟಿಗೆ ಹತ್ತೇ ನಿಮಿಷ ಸಾರ್" ಅಂತಾನೆ. ದೊಡ್ಡಬಳ್ಳಾಪುರದಿಂದಾನೂ ಹತ್ತೇ, ನೆಲಮಂಗಲದಿಂದಾನೂ ಹತ್ತೇ. (ವಿಮಾನದಲ್ಲೇ ಹೋದ್ರೆ ನಿಜವಿರಬಹುದು.) "ಬಯಪ್ಪ ಅಪ್ರೂವ್ಡ್" ಅಂದ್ರಂತೂ ಕೈ ಮುಗೀತೀರಿ. ಬಯಪ್ಪ ಯಾವ ದೇವರೂ ಅಲ್ಲ, ವಿಮಾನ ನಿಲ್ದಾಣ ಪ್ರದೇಶದ ಯೋಜನಾ ಪ್ರಾಧಿಕಾರ. ಈಸ್ಟ್ ಫೇಸಿಂಗ್ ಕೇಳಿದ್ರಿ, ಕಾರ್ನರ್ ಕೇಳಿದ್ರಿ, ಸರಿ. ಡಿಸಿ ಕನ್ವರ್ಷನ್ ಆಗೈತಾ, ಇ-ಖಾತೆ ಐತಾ ಅಂತ ಕೇಳಿದ್ರಾ? ಯಾಕೆ, ಕೆಮ್ಮು ಬಂತಾ?

ಮನೆ ಯಾವಾಗ ಕಟ್ತೀರಿ ಅಂದ್ರೆ "ಇರ್ಲಿ ಬಿಡಿ, ಮಗಳ ಮದುವೆಗೆ ಆಗ್ತದೆ". ಭಾನುವಾರ ಬೆಳಗ್ಗೆ ಹೊಸಕೋಟೇಲಿ ಕ್ಯೂ ನಿಂತು ಬಿರಿಯಾನಿ ಮುಗಿಸಿ, ಇಡೀ ಸಂಸಾರ ಸೈಟು ನೋಡೋಕೆ ಸವಾರಿ. ಏನೈತೆ ನೋಡೋಕೆ? ಸೊಂಟದುದ್ದ ಕಾಂಗ್ರೆಸ್ ಗಿಡ. ಪ್ಯಾಂಟು ಮಡಚ್ಕೊಂಡು ಕಲ್ಲು ಹುಡುಕ್ತೀರಿ. ಸಿಗ್ತು! "ಇಲ್ಲಿ ಹಾಲು, ಅಲ್ಲಿ ದೇವರ ಮನೆ" ಅಂತ ಗಾಳೀಲೇ ಗೋಡೆ ಎಬ್ಬಿಸಿ, ಫೋಟೋ ಹೊಡ್ಕೊಂಡು ಸ್ಟೇಟಸ್ಸಿಗೂ ಹಾಕಿದ್ದಾಯ್ತು.

ಕುರಿ ಕಾಯೋ ತಾತ ಆಗಿಂದ ನೋಡ್ತಾನೇ ಇದ್ದ. "ನಿಮ್ದು ಎಷ್ಟನೇ ನಂಬ್ರು ಸಾಮಿ? ಓ, ಅದು ಆ ಮೂಲೇಲೈತೆ. ಇದು ಓದ್ವಾರ ಬಂದಿದ್ರಲ್ಲ, ಅವ್ರದ್ದು. ಅವ್ರೂ ಅಲ್ಲೇ ದೇವ್ರ ಮನೆ ಅಂದ್ರು."