ಓಟು ನಮ್ಮದು, ಪಟ್ಟಿ ಅವರದು

(ಟೆಹ್ರಾನ್, 2011. ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡ ಟ್ಯಾಕ್ಸಿ. ಆ ಊರಲ್ಲಿ ರಾಜಕೀಯ ಮಾತಾಡೋಕೆ ಇಷ್ಟು ಪ್ರಶಸ್ತವಾದ ಜಾಗ ಇನ್ನೊಂದಿಲ್ಲ.)

ವಿದ್ಯಾರ್ಥಿ: ಯಜಮಾನ್ರೇ, ಜನ ಮನಸ್ಸು ಮಾಡಿದ್ರೆ ಓಟಿನಿಂದಲೇ ಈ ಆಡಳಿತ ಬದಲಾಗಲ್ವಾ?

ಡ್ರೈವರ್: ಮಾಡಿದ್ವಲ್ಲಪ್ಪಾ, 1997ರಲ್ಲಿ. ಸುಧಾರಣೆ ತರ್ತೀನಿ ಅಂದ ಖಾತಮಿಗೆ ಎರಡು ಕೋಟಿ ಓಟು! ಅವರಿಗೆ ಅಧ್ಯಕ್ಷರ ಕುರ್ಚಿ ಸಿಕ್ತು. ಸೇನೆ, ಪೊಲೀಸು, ನ್ಯಾಯಾಂಗ ಸರ್ವೋಚ್ಚ ನಾಯಕರ ಕೈಯಲ್ಲೇ ಉಳೀತು.

ವಿದ್ಯಾರ್ಥಿ: ನಾಯಕರನ್ನೇ ಬದಲಾಯಿಸಿದ್ರೆ?

ಡ್ರೈವರ್: ಧಾರಾಳವಾಗಿ! ಅದಕ್ಕೆ ತಜ್ಞರ ಸಭೆ ಇದೆ. ಅದಕ್ಕೂ ನಾವೇ ಓಟು ಹಾಕೋದು.

ವಿದ್ಯಾರ್ಥಿ: ಹಾಗಾದ್ರೆ ನಾನೇ ನಿಲ್ತೀನಿ.

ಡ್ರೈವರ್: ನಿಲ್ಲು. ಕಾವಲು ಮಂಡಳಿ ಒಪ್ಪಬೇಕು, ಅಷ್ಟೇ. ಹನ್ನೆರಡು ಜನ. ಆರು ಜನರನ್ನ ನಾಯಕರೇ ನೇಮಿಸ್ತಾರೆ.

ವಿದ್ಯಾರ್ಥಿ: ಉಳಿದ ಆರು?

ಡ್ರೈವರ್: ಸಂಸತ್ತು ಆರಿಸುತ್ತೆ. ಪಟ್ಟಿ ಕೊಡೋದು ನ್ಯಾಯಾಂಗದ ಮುಖ್ಯಸ್ಥರು. ಆ ಮುಖ್ಯಸ್ಥರನ್ನ ನೇಮಿಸೋದು ನಾಯಕರು. ಸಂಸತ್ತಿಗೆ ಯಾರು ನಿಲ್ಲಬೇಕು ಅನ್ನೋದನ್ನ ಹೇಳೋದು ಇದೇ ಮಂಡಳಿ.

ವಿದ್ಯಾರ್ಥಿ: ಬೀದಿಗಿಳಿದ್ರೆ?

ಡ್ರೈವರ್: 2009ರ ಅಧ್ಯಕ್ಷ ಚುನಾವಣೆ ಆದ್ಮೇಲೆ ಲಕ್ಷಗಟ್ಟಲೆ ಜನ ಇಳಿದ್ವಿ, ‘ನನ್ನ ಓಟು ಎಲ್ಲಿ’ ಅಂತ. ಓಟು ಸಿಗಲಿಲ್ಲ. ಕೇಳಿದವರು ಬೇಕಾದ್ರೆ ಎವಿನ್ ಜೈಲಲ್ಲಿ ವಿಚಾರಿಸು.

ವಿದ್ಯಾರ್ಥಿ: ಆ ಚುನಾವಣೆಗೆ ನಿಂತಿದ್ದ ಮೂಸವಿ ಇದ್ದಾರಲ್ಲ?

ಡ್ರೈವರ್: ಇದ್ದಾರೆ. ಪಾಪ, ಸರ್ಕಾರ ಬೀಳಿಸ್ತೀನಿ ಅಂದವರೂ ಅಲ್ಲ. ಸಂವಿಧಾನದ ಪ್ರಕಾರ ನಡೀರಿ ಅಂದ್ರು. ಫೆಬ್ರವರಿಯಿಂದ ಗೃಹಬಂಧನದಲ್ಲಿದ್ದಾರೆ.